ಕರುಳಿನ ದೀರ್ಘ ಬೇನೆ ಮತ್ತು ಧೂಮಪಾನದ ಬಿಡುಗಡೆ

ಕರುಳಿನ ಬೇನೆಯುಳ್ಳವರು ವೈದ್ಯರೆದುರು ಕುಳಿತಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಊಟಕ್ಕೆ ಸಂಬಂಧಿಸಿದವು. ಖಾರ ತಿನ್ನಬಹುದೇ, ಹಾಲು ಒಗ್ಗೀತೇ, ರೊಟ್ಟಿ ಬಿಟ್ಟು ಅನ್ನಕ್ಕೇ ನಿಲ್ಲಬೇಕೇ ಎಂದು ಅವರೂ ಅವರ ಮನೆಯವರೂ ವಿಚಾರಿಸುತ್ತಾರೆ. ಬೀಡಿ ಸೇದಬಹುದೇ ಎಂದು ಕೇಳುವವರು ವಿರಳ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಬೇನೆ ಇರುವುದು ಹೊಟ್ಟೆಯಲ್ಲಿ, ಒಂದಕ್ಕೂ ಇನ್ನೊಂದಕ್ಕೂ ಏನು ನಂಟು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ಕರುಳಿನ ಒಂದು ದೀರ್ಘಕಾಲದ ಬೇನೆಯಲ್ಲಿ ರೋಗಿಯು ತನಗೆ ತಾನೇ ಮಾಡಿಕೊಳ್ಳಬಹುದಾದ ಬಹುದೊಡ್ಡ ಉಪಕಾರವೆಂದರೆ ಧೂಮಪಾನವನ್ನು ಬಿಡುವುದೇ ಆಗಿದೆ. ಈ ಸಂಚಿಕೆಯಲ್ಲಿ ಆ ವಿಷಯವನ್ನು ಕುರಿತು, ವಿಶೇಷವಾಗಿ ಬಿಡಬೇಕೆಂದಿರುವವರಿಗೆ ಮನೆಯವರು ಹೇಗೆ ನೆರವಾಗಬಹುದೆಂಬುದನ್ನು ಕುರಿತು, ತಿಳಿದುಕೊಳ್ಳೋಣ.

ಎರಡು ಬೇನೆಗಳು

ನಾವು ಇಲ್ಲಿ ಹೇಳುತ್ತಿರುವುದು ಹೊಲಸು ನೀರಿನಿಂದ ಬಂದು ನಾಲ್ಕು ದಿನಗಳಲ್ಲಿ ಹೋಗುವ ಭೇದಿಯನ್ನಲ್ಲ, ಮೂಲವ್ಯಾಧಿಯನ್ನೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕರುಳಿನ ಗೋಡೆಯ ಮೇಲೆ ತಿರುಗಿ ಬೀಳುವುದರಿಂದ ಉಂಟಾಗುವ, ವರ್ಷಗಟ್ಟಲೆ ಜೊತೆಗೇ ಇರುವ ಉರಿಯೂತದ ಬೇನೆಗಳು ಎರಡಿವೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡಕರುಳಿಗೆ ಮಾತ್ರ ತಗಲುತ್ತದೆ. ಗುದದ್ವಾರದಿಂದ ಮೇಲಕ್ಕೆ ಹಬ್ಬುತ್ತ ಒಳಪದರದಲ್ಲಿ ಹುಣ್ಣುಗಳನ್ನು ಮಾಡುತ್ತದೆ. ರಕ್ತ ಮತ್ತು ಲೋಳೆ ಬೆರೆತ ಭೇದಿ ಇದರ ಮುಖ್ಯ ಲಕ್ಷಣ. ಇನ್ನೊಂದು ಕ್ರೋನ್ ರೋಗ. ಇದು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದಾದರೂ ಸಣ್ಣಕರುಳಿನ ಕೊನೆಯ ಭಾಗವೇ ಇದಕ್ಕೆ ಹೆಚ್ಚು ಪ್ರಿಯ. ಒಳಪದರಕ್ಕಷ್ಟೇ ನಿಲ್ಲದೆ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವುದರಿಂದ ಕರುಳು ಕಿರಿದಾಗುತ್ತದೆ, ಕೆಲವೊಮ್ಮೆ ರಂಧ್ರ ಬಿದ್ದು ಪಕ್ಕದ ಅಂಗಕ್ಕೋ ಚರ್ಮಕ್ಕೋ ದಾರಿಯಾಗುತ್ತದೆ. ಭಗಂದರವೆಂದು ವರ್ಷಾನುಗಟ್ಟಲೆ ನಾಟಿ ಔಷಧ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಮೂಲದಲ್ಲಿದ್ದುದು ಈ ರೋಗವೆಂದು ತಡವಾಗಿ ತಿಳಿಯುವುದುಂಟು.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳಾದ ಗಿನ್ಸ್‌ಬರ್ಗ್, ಓಪನ್‌ಹೈಮರ್ ಇದನ್ನು ವಿವರಿಸಿ ಬರೆದರು. ಮೂವರ ಹೆಸರಿನಲ್ಲಿ ಮೊದಲನೆಯದೇ ರೋಗಕ್ಕೆ ನಿಂತಿತು. ನಮ್ಮ ದೇಶದಲ್ಲಿ ಬಹುಕಾಲ ಇವು ಪಾಶ್ಚಾತ್ಯರ ರೋಗಗಳೆಂದೇ ತಿಳಿಯಲಾಗಿತ್ತು. ಈಗ ಹಾಗಿಲ್ಲ, ನಗರದವರಲ್ಲಿಯೂ ಹಳ್ಳಿಯವರಲ್ಲಿಯೂ ಇವು ಕಾಣುತ್ತಿವೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯವೂ ಕ್ರೋನ್ ರೋಗವೂ ಅವಳಿಗಳಂತೆ ಹೋಲುತ್ತವೆ. ಎರಡರಲ್ಲಿಯೂ ಹೊಟ್ಟೆನೋವು, ಜ್ವರ, ತೂಕ ಇಳಿಯುವುದು, ಕರುಳು ಕಿರಿದಾಗುವುದು ಇರುತ್ತವೆ. ಆದ್ದರಿಂದ ಅನೇಕರು ಮೊದಲು ಕ್ಷಯದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ, ಅದರಿಂದ ಗುಣ ಕಾಣದ ಮೇಲೆ ಕ್ರೋನ್ ಚಿಕಿತ್ಸೆಗೆ ಬರುತ್ತಾರೆ. ಈ ಅಲೆದಾಟದಿಂದ ಬಳಲಿದ ಮನುಷ್ಯ ಬೀಡಿಯ ಕಟ್ಟನ್ನು ಆಸರೆಯಾಗಿ ಹಿಡಿದರೆ ಅಚ್ಚರಿಯಿಲ್ಲ. ಆದರೆ ಆ ಆಸರೆಯೇ ಅವನ ಕಾಲಕೆಳಗಿನ ನೆಲವನ್ನು ಅಗೆಯುತ್ತಿರುತ್ತದೆ.

ಹೊಗೆ ಕರುಳಿಗೆ ತಲುಪುವ ಬಗೆ

ಒಂದು ದಮ್ಮು ಎಳೆದ ಸುಮಾರು 10 ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಅದೇ ರಕ್ತ ಕರುಳಿಗೂ ಹರಿಯುತ್ತದೆ. ಹೊಗೆಯಲ್ಲಿನ ಸಾವಿರಾರು ರಾಸಾಯನಿಕಗಳು ಕರುಳಿನ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ಒಳಪದರವನ್ನು ಕಾಯುವ ಲೋಳೆಯ ಸ್ವರೂಪವನ್ನು ಬದಲಿಸುತ್ತವೆ, ಕರುಳಿನಲ್ಲಿ ವಾಸಿಸುವ ಉಪಕಾರಿ ಜೀವಾಣುಗಳ ಸಮತೋಲವನ್ನು ಕೆಡಿಸುತ್ತವೆ, ರಕ್ಷಣಾ ಕಣಗಳ ನಡವಳಿಕೆಯನ್ನೂ ಬದಲಾಯಿಸುತ್ತವೆ.

ಇದರ ಪರಿಣಾಮ ಕ್ರೋನ್ ರೋಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೇದುವವರಿಗೆ ಈ ರೋಗ ಬರುವ ಸಂಭವ ಸೇದದವರಿಗಿಂತ ಸುಮಾರು ಎರಡು ಪಟ್ಟು. ರೋಗ ಬಂದ ಮೇಲೂ ಸೇದುತ್ತಿದ್ದರೆ ಬೇನೆ ಮೇಲಿಂದ ಮೇಲೆ ಕೆರಳುತ್ತದೆ, ಸ್ಟೀರಾಯ್ಡ್ ಮತ್ತು ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧಗಳ ಅಗತ್ಯ ಹೆಚ್ಚುತ್ತದೆ, ಶಸ್ತ್ರಚಿಕಿತ್ಸೆಯ ಸಂದರ್ಭವೂ ಹೆಚ್ಚುತ್ತದೆ. ಕೆಟ್ಟ ಭಾಗವನ್ನು ಕತ್ತರಿಸಿ ಕರುಳನ್ನು ಜೋಡಿಸಿದ ಮೇಲೆಯೂ ಸೇದುವುದನ್ನು ಮುಂದುವರಿಸಿದವರಲ್ಲಿ ಅದೇ ಜೋಡಣೆಯ ಹತ್ತಿರ ರೋಗ ಮರಳುವ ಸಂಭವ ಇತರರಿಗಿಂತ ಸುಮಾರು ಇಮ್ಮಡಿ. ಕರುಳೇನೂ ಹೊಲದ ಬದುವಿನಂತೆ ಮತ್ತೆ ಮತ್ತೆ ಕಡಿದು ಕಟ್ಟುವಂಥದಲ್ಲ. ಪ್ರತಿ ಶಸ್ತ್ರಚಿಕಿತ್ಸೆಯಲ್ಲಿಯೂ ಒಂದಿಷ್ಟು ಕಡಿಮೆಯಾಗುತ್ತ ಹೋದರೆ ಉಂಡ ಅನ್ನ ಮೈಗೆ ಹತ್ತದ ಸ್ಥಿತಿ ಬರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಹೆದರಿಸಿದಂತಾಗುವುದೇ ಹೊರತು ನೆರವಾದಂತಾಗದು. ಹೆದರಿಕೆಗಿಂತ ಮುಖ್ಯವಾದ ಸಂಗತಿಯೊಂದಿದೆ. ಪ್ಯಾರಿಸಿನ ವೈದ್ಯರ ತಂಡವೊಂದು ಸೇದುವ ಚಟವಿದ್ದ 474 ಮಂದಿ ಕ್ರೋನ್ ರೋಗಿಗಳಿಗೆ ಬಿಡುವಂತೆ ಸತತವಾಗಿ ತಿಳಿಹೇಳಿ, ಅದರ ಫಲವನ್ನು 2001ರಲ್ಲಿ ಪ್ರಕಟಿಸಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಿಟ್ಟು ನಿಂತವರು 59 ಮಂದಿ. ಆ 59 ಮಂದಿಯ ಬೇನೆಯ ಗತಿ ಎಂದೂ ಸೇದದವರ ಗತಿಯನ್ನೇ ಹೋಲುವಂತಾಯಿತು. ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ ಬೇನೆ ಕೆರಳುವ ಅಪಾಯ ಇವರಲ್ಲಿ ಶೇಕಡಾ 65ರಷ್ಟು ಕಡಿಮೆಯಿತ್ತು. ಈ ಲೆಕ್ಕದಿಂದ ನಾವು ಎರಡು ಮಾತುಗಳನ್ನು ಎತ್ತಿಕೊಳ್ಳಬೇಕು. ಬಿಟ್ಟರೆ ದೊರೆಯುವ ಲಾಭ ಒಂದು ಬೆಲೆಬಾಳುವ ಔಷಧದ ಲಾಭಕ್ಕೆ ಕಡಿಮೆಯಿಲ್ಲ ಎಂಬುದು ಮೊದಲನೆಯದು. ಪರಿಣತ ವೈದ್ಯರು ಬೆನ್ನುಹತ್ತಿ ಹೇಳಿದರೂ ಎಂಟರಲ್ಲಿ ಒಬ್ಬರಷ್ಟೇ ಬಿಡಲು ಸಮರ್ಥರಾದರು ಎಂಬುದು ಎರಡನೆಯದು. ಎಂದರೆ ಇದು ಸುಲಭದ ಕೆಲಸವಲ್ಲ. ಮನಸ್ಸು ಗಟ್ಟಿ ಮಾಡಿದರೆ ಸಾಕೆಂದು ಹೇಳುವವರು ಬಹುಶಃ ಎಂದೂ ಸೇದಿದವರಲ್ಲ.

ಕೊಲೈಟಿಸ್‌ನವರ ಪ್ರಶ್ನೆ

ಈಗ ನಾವು ಅಡಗಿಸಬಾರದ ಒಂದು ಮಾತಿಗೆ ಬರುತ್ತೇವೆ. ಅಲ್ಸರೇಟಿವ್ ಕೊಲೈಟಿಸ್ ಇರುವ ಕೆಲವರು, "ಸೇದುತ್ತಿದ್ದಾಗ ನನಗೆ ಈ ಬೇನೆ ಇರಲಿಲ್ಲ, ಬಿಟ್ಟ ಮೇಲೆಯೇ ಬಂತು" ಎನ್ನುತ್ತಾರೆ. ಅವರನ್ನು ಸುಳ್ಳುಗಾರರೆಂದು ತಳ್ಳಿಹಾಕುವುದು ಅನ್ಯಾಯ. 1982ರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದ ವೈದ್ಯರು ಕೊಲೈಟಿಸ್ ರೋಗಿಗಳಲ್ಲಿ ಸೇದುವವರು ವಿಚಿತ್ರವೆನಿಸುವಷ್ಟು ಕಡಿಮೆ ಇದ್ದಾರೆಂದು ಗುರುತಿಸಿದರು. ಆ ಮೇಲೆ ಬೇರೆ ದೇಶಗಳಲ್ಲಿಯೂ ಅದು ದೃಢಪಟ್ಟಿತು. ಸೇದುತ್ತಿರುವವರಿಗೆ ಈ ಬೇನೆ ಬರುವುದು ಕಡಿಮೆ, ಬಿಟ್ಟವರಲ್ಲಿ ಮೊದಲ ಕೆಲವು ವರ್ಷ ಹೆಚ್ಚು. ಬೇನೆಯಿದ್ದವರು ಬಿಟ್ಟಾಗ ಕೆಲವರಲ್ಲಿ ಅದು ಕೆರಳುವುದೂ ಉಂಟು. ಒಂದೇ ಹೊಗೆ ಒಂದು ಬೇನೆಯನ್ನು ಉರಿಸಿ ಇನ್ನೊಂದನ್ನು ತಣಿಸುವಂತೆ ಕಾಣುವುದು ವೈದ್ಯಶಾಸ್ತ್ರದ ಸೋಜಿಗಗಳಲ್ಲೊಂದು.

ಹಾಗಾದರೆ ಕೊಲೈಟಿಸ್‌ನವರು ಸೇದಬಹುದೇ? ಕೂಡದು. ಕಾರಣವನ್ನು ನಿಧಾನವಾಗಿ ನೋಡೋಣ. ಹೊಗೆಯಲ್ಲಿರುವ ನಿಕೋಟಿನ್ನೇ ಗುಣಕಾರಿಯಾಗಿದ್ದರೆ ಅದನ್ನಷ್ಟೇ ಕೊಡಬಹುದಲ್ಲವೇ ಎಂದು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ಕೊಟ್ಟು ನೋಡಲಾಯಿತು. 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆರಳಿದ ಬೇನೆಗೆ ಅಲ್ಪಸ್ವಲ್ಪ ಉಪಶಮನ ದೊರೆಯಿತು, ಆದರೆ ವಾಕರಿಕೆ, ತಲೆಸುತ್ತುಗಳಂಥ ತೊಂದರೆಗಳೂ ಜೊತೆಗೂಡಿದವು. ಬೇನೆ ಮರಳದಂತೆ ತಡೆಯುವುದರಲ್ಲಿ ಅದು ನೆರವಾಗಲಿಲ್ಲ. ಹೀಗಾಗಿ ಅದು ರೂಢಿಯ ಚಿಕಿತ್ಸೆಯಾಗಲಿಲ್ಲ. ಇತ್ತ ಕೊಲೈಟಿಸನ್ನು ಹಿಡಿತದಲ್ಲಿಡಲು ಮೆಸಾಲಮಿನ್ ಮೊದಲುಗೊಂಡು ಹಲವು ಔಷಧಗಳಿವೆ. ಬೀಡಿಯಿಂದ ಬರುವ ಹೃದಯಾಘಾತಕ್ಕೆ, ಪಾರ್ಶ್ವವಾಯುವಿಗೆ, ಶ್ವಾಸಕೋಶ ಮತ್ತು ಬಾಯಿಯ ಕ್ಯಾನ್ಸರಿಗೆ ಅಂಥ ಸರಾಗವಾದ ಪರಿಹಾರವಿಲ್ಲ. ಒಂದು ಕೋಣೆಯ ಚಳಿ ಕಾಯಿಸಲು ಇಡೀ ಮನೆಗೆ ಬೆಂಕಿ ಹಚ್ಚುವವರುಂಟೇ?

ಆದರೂ ಕೊಲೈಟಿಸ್ ಇರುವವರು ಬಿಡುವ ವಿಧಾನ ತುಸು ಬೇರೆಯಾಗಿರಬೇಕು. ಬೇನೆ ತಣ್ಣಗಿರುವ ಕಾಲವನ್ನು ಆರಿಸಿಕೊಳ್ಳುವುದು ಲೇಸು. ಬಿಡುವ ವಿಚಾರವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ಬಿಟ್ಟ ಮೇಲೆ ರಕ್ತ ಕಂಡರೆ, "ನೋಡು, ಬೀಡಿ ಬಿಟ್ಟದ್ದೇ ತಪ್ಪಾಯಿತು" ಎಂದು ಅಂಗಡಿಗೆ ಓಡದೆ ಆಸ್ಪತ್ರೆಗೆ ಹೋಗಬೇಕು. ಔಷಧದ ಪ್ರಮಾಣವನ್ನು ಸರಿಪಡಿಸಿದರೆ ಇಂಥ ಕೆರಳಿಕೆ ಬಹುತೇಕ ಹತೋಟಿಗೆ ಬರುತ್ತದೆ. ಈ ಸಾಧ್ಯತೆಯನ್ನು ಮೊದಲೇ ತಿಳಿದವರು ಧೃತಿಗೆಡುವುದಿಲ್ಲ. ತಿಳಿಯದವರು ಅದನ್ನೇ ನೆಪಮಾಡಿ ಮರಳಿ ಸೇದಲು ತೊಡಗುತ್ತಾರೆ. ಸತ್ಯವನ್ನು ಮುಚ್ಚಿಟ್ಟು ಬಿಡಿಸಿದರೆ ಆಗುವ ಹಾನಿ ಇದೇ.

ಬೀಡಿ, ಸಿಗರೇಟು, ಹೊಗೆಸೊಪ್ಪು

ನಮ್ಮ ನಾಡಿಗೂ ತಂಬಾಕಿಗೂ ಹಳೆಯ ನಂಟು. ಪಿರಿಯಾಪಟ್ಟಣ, ಹುಣಸೂರುಗಳ ಸುತ್ತ ಸಿಗರೇಟಿನ ತಂಬಾಕು, ನಿಪ್ಪಾಣಿಯ ಸುತ್ತ ಬೀಡಿಯ ತಂಬಾಕು ಬೆಳೆಯುತ್ತ ಬಂದಿವೆ. ಈ ಬೆಳೆಯಿಂದಲೇ ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಓದುಗರಲ್ಲಿಯೂ ಇದ್ದಾವು. ಅವರ ದುಡಿಮೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡಾ 28.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಸೇವಿಸುತ್ತಿದ್ದರು. ಸೇದುವವರಲ್ಲಿ ಸಿಗರೇಟಿನವರಿಗಿಂತ ಬೀಡಿಯವರೇ ಹೆಚ್ಚು.

ಬೀಡಿ ಎಲೆಯಲ್ಲಿ ಸುತ್ತಿದ್ದು, ಕಾಗದವಿಲ್ಲ, ಆದ್ದರಿಂದ ಸೌಮ್ಯ ಎಂಬ ನಂಬಿಕೆ ಪೂರ್ತಿ ತಪ್ಪು. ಬೀಡಿ ಬೇಗ ಆರುತ್ತದೆ, ಆದುದರಿಂದ ಸೇದುವವನು ಹೆಚ್ಚು ಸಲ, ಹೆಚ್ಚು ಆಳವಾಗಿ ಎಳೆಯಬೇಕಾಗುತ್ತದೆ. ಅದರ ತಂಬಾಕಿನಲ್ಲಿ ನಿಕೋಟಿನ್ ಪ್ರಮಾಣವೂ ಸಿಗರೇಟಿಗಿಂತ ಹೆಚ್ಚು. ಇನ್ನು ಬೀಡಿ ಬಿಟ್ಟೆನೆಂದು ಗುಟಕಾ, ಕೈನಿ, ಕಡ್ಡಿಪುಡಿಗೆ ಇಳಿಯುವವರಿದ್ದಾರೆ. ಅದು ಚಟವನ್ನು ಬಿಟ್ಟಂತಲ್ಲ, ಜೇಬು ಬದಲಿಸಿದಂತೆ. ಬಾಯಿಯ ಕ್ಯಾನ್ಸರಿನ ದಾರಿ ಅಲ್ಲಿಂದಲೇ ಹೊರಡುತ್ತದೆ. ಇ-ಸಿಗರೇಟಿನ ಮಾರಾಟವನ್ನಂತೂ ನಮ್ಮ ದೇಶದಲ್ಲಿ 2019ರಲ್ಲಿಯೇ ಕಾನೂನಿನಿಂದ ನಿಷೇಧಿಸಲಾಗಿದೆ.

ಬಿಡುವ ದಾರಿ

ಮೊದಲ ಹೆಜ್ಜೆ ವೈದ್ಯರೆದುರು ನಿಜ ಹೇಳುವುದು. ಮಠಕ್ಕೆ ಬರುವಾಗ ಬೀಡಿ ಕಟ್ಟನ್ನು ಗಾಡಿಯ ಸೀಟಿನಡಿಯಲ್ಲಿಟ್ಟು ಬರುವವರು ವೈದ್ಯರಲ್ಲಿಗೆ ಹೋಗುವಾಗಲೂ ಹಾಗೆಯೇ ಮಾಡುತ್ತಾರೆ. ಗುರುಗಳೆದುರಿನ ಸಂಕೋಚ ಅರ್ಥವಾಗುವಂಥದು, ವೈದ್ಯರೆದುರಿನದು ಅಪಾಯಕಾರಿ. ರೋಗಿ ಸೇದುತ್ತಿಲ್ಲವೆಂದು ನಂಬಿದ ವೈದ್ಯರು ಬೇನೆ ಕೆರಳಿದಾಗ ಔಷಧ ಸಾಲದೆಂದು ತಿಳಿದು ಇನ್ನೂ ಬಲವಾದುದನ್ನು ಬರೆಯುತ್ತಾರೆ. ಆ ಔಷಧಗಳು ರಕ್ಷಣಾ ಶಕ್ತಿಯನ್ನು ತಗ್ಗಿಸುತ್ತವೆ, ಸೋಂಕಿಗೆ ಎಡೆಮಾಡುತ್ತವೆ. ಧೂಮಪಾನ ತಾನೇ ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ. ಎರಡೂ ಕೂಡಿದರೆ ಆಗುವುದನ್ನು ಊಹಿಸಬಹುದು. ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ, ಹೊಗೆಯೂ ಸವೆಸುತ್ತದೆ. ಒಂದು ಸುಳ್ಳಿಗೆ ಮೈ ತೆರುವ ದಂಡ ಇಷ್ಟು.

ಎರಡನೆಯದು ದಿನವನ್ನು ಗೊತ್ತುಮಾಡುವುದು. ಇನ್ನು ಹದಿನೈದು ದಿನಗಳೊಳಗೆ ಒಂದು ದಿನವನ್ನು ಆರಿಸಿ ಮನೆಯವರಿಗೂ ಗೆಳೆಯರಿಗೂ ತಿಳಿಸಬೇಕು. ಮದುವೆ, ಜಾತ್ರೆ, ರಾಶಿಯ ದಿನಗಳು ಬೇಡ. ಆ ದಿನದ ನಂತರ ಒಂದೂ ಇಲ್ಲ ಎಂದು ನಿಲ್ಲುವವರು, ದಿನಕ್ಕೊಂದು ಕಡಿಮೆ ಮಾಡುತ್ತೇನೆನ್ನುವವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಗೆಲ್ಲುತ್ತಾರೆ. ಕರುಳಿನ ಶಸ್ತ್ರಚಿಕಿತ್ಸೆ ಗೊತ್ತಾಗಿರುವವರು ಅದಕ್ಕೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯ ಮಾಯುವುದಕ್ಕೂ ಉಸಿರಾಟಕ್ಕೂ ಅನುಕೂಲ. ಹಠಾತ್ತಾಗಿ ಆಸ್ಪತ್ರೆ ಸೇರಿದವರು ಅಲ್ಲಿಯ ಮೊದಲ ದಿನವನ್ನೇ ಆ ದಿನವಾಗಿ ಮಾಡಿಕೊಳ್ಳಬಹುದು. ಹೇಗೂ ಅಲ್ಲಿ ಸೇದಲು ಬಿಡುವುದಿಲ್ಲ.

ಮೊದಲ ಮೂರು ದಿನಗಳೇ ಕಠಿಣ. ಸಿಡುಕು, ನಿದ್ರೆಯಿಲ್ಲದಿರುವುದು, ಮನಸ್ಸು ನಿಲ್ಲದಿರುವುದು, ಹಸಿವು ಹೆಚ್ಚುವುದು ಇವೆಲ್ಲ ಆಗ ಶಿಖರಕ್ಕೇರಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಸೇದಬೇಕೆಂಬ ಒಂದೊಂದು ತುಡಿತವೂ ಕೆಲವೇ ನಿಮಿಷಗಳದು. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಮಠದಲ್ಲಿ ಪ್ರವಚನಕ್ಕೆ ಕುಳಿತ ಚಟಗಾರರು ಎರಡು-ಮೂರು ಗಂಟೆ ಸುಮ್ಮನೆ ಕುಳಿತಿರುವುದನ್ನು ನಾವು ಪ್ರತಿ ವರ್ಷವೂ ನೋಡುತ್ತೇವೆ. ಹೊರಬಂದೊಡನೆ ಕೈ ಜೇಬಿಗೆ ಹೋಗುತ್ತದೆ, ನಿಜ. ಆದರೆ ಆ ಮೂರು ಗಂಟೆ ಅವರಿಂದ ಸಾಧ್ಯವಾಯಿತೆಂಬುದೂ ನಿಜ. ಬಿಡಲು ಹೊರಟವರು ಇದನ್ನು ನೆನಪಿಟ್ಟುಕೊಳ್ಳಲಿ.

ಔಷಧಗಳ ನೆರವನ್ನು ಪಡೆಯುವುದು ದೌರ್ಬಲ್ಯದ ಗುರುತಲ್ಲ. ನಿಕೋಟಿನ್ ಪಟ್ಟಿ, ನಿಕೋಟಿನ್ ಚೂಯಿಂಗ್ ಗಮ್, ಬುಪ್ರೊಪಿಯಾನ್, ವರೆನಿಕ್ಲಿನ್ ಇವು ಪರೀಕ್ಷಿಸಲ್ಪಟ್ಟ ಔಷಧಗಳು. ಹಾನಿ ಮಾಡುವುದು ಹೊಗೆಯಾದ್ದರಿಂದ, ಕ್ರೋನ್ ರೋಗಿಗಳೂ ಬಿಡುವ ಕಾಲದಲ್ಲಿ ನಿಕೋಟಿನ್ ಪಟ್ಟಿಯನ್ನು ವೈದ್ಯರ ಸಲಹೆಯಂತೆ ಬಳಸಬಹುದು. ಪಟ್ಟಿಯ ಜೊತೆ ತುಡಿತ ಬಂದಾಗಷ್ಟೇ ಗಮ್ಮನ್ನು ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಪರಿಣಾಮಕಾರಿ. ಮೂರ್ಛೆರೋಗವಿದ್ದವರಿಗೆ ಬುಪ್ರೊಪಿಯಾನ್ ಕೂಡದು. ವರೆನಿಕ್ಲಿನ್ ವಾಕರಿಕೆ ತರಬಹುದು, ಊಟದ ನಂತರ ನೀರಿನೊಡನೆ ತೆಗೆದುಕೊಂಡರೆ ಅದು ಕಡಿಮೆ.

ಗಮ್ಮಿನ ವಿಷಯದಲ್ಲಿ ಕರುಳಿನ ಬೇನೆಯವರು ತಿಳಿಯಬೇಕಾದುದು ಹೆಚ್ಚಿದೆ. ಅದನ್ನು ಮಕ್ಕಳ ಬಬಲ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ನಿಧಾನವಾಗಿ ಅಗಿದು, ನಾಲಿಗೆಗೆ ಮೆಣಸಿನಂಥ ಚುರುಕು ತಟ್ಟಿದೊಡನೆ ಕೆನ್ನೆಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರಬೇಕು. ಗಬಗಬನೆ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು, ನೋವು ಆಗಿ, ಬೇನೆಯೇ ಮರಳಿತೆಂಬ ಭ್ರಮೆ ಹುಟ್ಟುತ್ತದೆ. ಗಮ್ಮಿಗೆ ಕಾಲು ಗಂಟೆ ಮೊದಲು ಚಹಾ, ಕಾಫಿ, ನಿಂಬೆಯ ಪಾನಕ ಕುಡಿದರೆ ಅದು ಸರಿಯಾಗಿ ಕೆಲಸ ಮಾಡದು. ಬಾಯಲ್ಲಿ ಹುಣ್ಣಿರುವ ಕ್ರೋನ್ ರೋಗಿಗಳಿಗೆ ಗಮ್ಮಿಗಿಂತ ಪಟ್ಟಿಯೇ ಸೂಕ್ತ.

ಕೇಂದ್ರ ಸರ್ಕಾರದ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಹಣವಿಲ್ಲದೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಕೇಂದ್ರಗಳಲ್ಲೊಂದು. ಸೋಜಿಗವೆಂದರೆ ಈ ಸಂಖ್ಯೆ ಸಿಗರೇಟು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ, ಸೇದುವವರು ಅದನ್ನು ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿದಿರುತ್ತಾರೆ.

ಹೊಟ್ಟೆಯ ಎಚ್ಚರ

ಸಾಮಾನ್ಯರಿಗೆ ಹೇಳುವ ಬುದ್ಧಿವಾದವೆಲ್ಲ ಕರುಳಿನ ಬೇನೆಯವರಿಗೆ ಒಪ್ಪುವುದಿಲ್ಲ. ಬೀಡಿಯ ನೆನಪಾದಾಗ ಹಸಿ ಗಜ್ಜರಿ, ಸವತೆಕಾಯಿ ತಿನ್ನಿ, ನಾರಿನ ಪದಾರ್ಥ ಹೆಚ್ಚಿಸಿ ಎಂದು ಎಲ್ಲೆಡೆ ಹೇಳುತ್ತಾರೆ. ಕ್ರೋನ್ ರೋಗದಿಂದ ಕರುಳು ಕಿರಿದಾಗಿರುವವರು ಹಾಗೆ ಮಾಡಿದರೆ ನಾರು ಅಲ್ಲಿಯೇ ಸಿಕ್ಕಿ ಕರುಳು ಕಟ್ಟಬಹುದು. ಸಕ್ಕರೆರಹಿತ ಪೆಪ್ಪರ್‌ಮೆಂಟು, ಗಮ್ಮುಗಳಲ್ಲಿ ಸಾರ್ಬಿಟಾಲ್ ಎಂಬ ಸಿಹಿ ಇರುತ್ತದೆ. ಹೆಚ್ಚು ತಿಂದರೆ ಅದೇ ಭೇದಿ ತರುತ್ತದೆ. ಎರಡು ಏಲಕ್ಕಿ, ಒಂದು ಲವಂಗ, ಚಿಟಿಕೆ ಸೋಂಪು ಬಾಯಲ್ಲಿಟ್ಟುಕೊಂಡರೆ ಸಾಕು.

ಬೆಳಿಗ್ಗೆ ಬೀಡಿ ಸೇದದೆ ಹೊಟ್ಟೆ ಸಡಿಲಾಗದು ಎನ್ನುವವರು ನಮ್ಮಲ್ಲಿ ಬಹಳ. ನಿಕೋಟಿನ್ ಕರುಳನ್ನು ಚುರುಕುಗೊಳಿಸುವುದು ಹೌದು. ಆದ್ದರಿಂದ ಬಿಟ್ಟ ಹೊಸತರಲ್ಲಿ ಕೆಲವರಿಗೆ ಮಲಬದ್ಧತೆಯಾಗುತ್ತದೆ. ಎದ್ದೊಡನೆ ಎರಡು ಲೋಟ ಬೆಚ್ಚನೆಯ ನೀರು, ನಿಗದಿತ ಹೊತ್ತಿಗೆ ಶೌಚಕ್ಕೆ ಕೂರುವುದು, ನಡಿಗೆ, ಇಷ್ಟರಿಂದ ಕೆಲವು ವಾರಗಳಲ್ಲಿ ಕರುಳು ತನ್ನ ಲಯವನ್ನು ಕಂಡುಕೊಳ್ಳುತ್ತದೆ. ವೈದ್ಯರನ್ನು ಕೇಳದೆ ಭೇದಿಯ ಔಷಧ ತೆಗೆದುಕೊಳ್ಳಬಾರದು. ಹೊಟ್ಟೆ ಉಬ್ಬಿ ವಾಂತಿಯಾಗುತ್ತ ಮಲ ಮತ್ತು ವಾಯು ಎರಡೂ ನಿಂತರೆ ಅದು ಮಲಬದ್ಧತೆಯಲ್ಲ, ಕರುಳಿನ ಅಡಚಣೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಮಲದಲ್ಲಿ ರಕ್ತ, ರಾತ್ರಿ ನಿದ್ರೆಯಿಂದೆಬ್ಬಿಸುವ ಭೇದಿ, ಜ್ವರ, ತೂಕ ಇಳಿಯುವುದು ಇವು ಚಟ ಬಿಟ್ಟದ್ದರ ಲಕ್ಷಣಗಳಲ್ಲ, ಬೇನೆ ಕೆರಳಿದ್ದರ ಲಕ್ಷಣಗಳು. ಸಂದೇಹವಿದ್ದರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಿಂದ ಕರುಳಿನಲ್ಲಿ ಉರಿಯೂತವಿದೆಯೇ ಎಂದು ವೈದ್ಯರು ತಿಳಿಯಬಲ್ಲರು.

ಇನ್ನೊಂದು ಸಂಗತಿ ಬಹುಜನರಿಗೆ ತಿಳಿಯದು. ಹೊಗೆಯು ಯಕೃತ್ತನ್ನು ಪ್ರಚೋದಿಸಿ ಚಹಾ-ಕಾಫಿಯ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಸೇದುವುದನ್ನು ಬಿಟ್ಟೊಡನೆ ಈ ವೇಗ ತಗ್ಗಿ, ಮೊದಲು ಕುಡಿಯುತ್ತಿದ್ದಷ್ಟೇ ಚಹಾ ಈಗ ಹೆಚ್ಚು ಕಾಲ ಮೈಯಲ್ಲಿ ನಿಲ್ಲುತ್ತದೆ. ಎದೆ ಡವಡವ, ನಿದ್ರಾಹೀನತೆ, ಹೊಟ್ಟೆಯ ಗುಡುಗುಡು ಇವನ್ನೆಲ್ಲ ಬೀಡಿ ಬಿಟ್ಟ ಸಂಕಟವೆಂದು ತಿಳಿಯುವವರು ಚಹಾವನ್ನು ಅರ್ಧಕ್ಕಿಳಿಸಿ ನೋಡಲಿ. ಚಹಾದಂಗಡಿಯ ಬೆಂಚೇ ಬೀಡಿಯ ಮೊದಲ ಗೆಳೆಯನಾದ್ದರಿಂದ ಇದರಲ್ಲಿ ಇಮ್ಮಡಿ ಲಾಭ. ಬಿಟ್ಟ ಮೇಲೆ ನಾಲ್ಕೈದು ಕಿಲೋ ತೂಕ ಏರುವುದು ಸಾಮಾನ್ಯ. ಬೇನೆಯಿಂದ ಸೊರಗಿದವರಿಗೆ ಅದು ಚಿಂತೆಯಲ್ಲ, ಬಂದ ಲಾಭ.

ಮನೆಯವರ ಪಾಲು

ದಿನಚರಿಯ ಕ್ರಮವನ್ನು ಸ್ವಲ್ಪ ಬದಲಿಸಲು ಮನೆಯವರು ನೆರವಾಗಬೇಕು. ಎದ್ದೊಡನೆ ಚಹಾ, ಚಹಾದೊಡನೆ ಬೀಡಿ, ಆಮೇಲೆ ಸ್ನಾನ, ಪೂಜೆ ಎಂಬ ಕ್ರಮವಿದ್ದರೆ ಸ್ನಾನ, ಪೂಜೆಗಳನ್ನು ಮುಂದೆ ತಂದು ಚಹಾವನ್ನು ಹಿಂದೆ ಹಾಕಬಹುದು. ಭಸ್ಮ ಧರಿಸಿದ ಹಣೆಯವರು ಆ ಕ್ಷಣದಲ್ಲಿ ಬೀಡಿ ಹಚ್ಚಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಹತ್ತು ನಿಮಿಷಗಳಲ್ಲಿ ತುಡಿತ ಇಳಿದಿರುತ್ತದೆ. ಊಟವಾದೊಡನೆ ಕಟ್ಟೆಗೆ ಹೋಗುವ ರೂಢಿಯಿದ್ದರೆ ಮಗನೋ ಮೊಮ್ಮಗನೋ ಜೊತೆಗೂಡಿ ಬೇರೆ ದಿಕ್ಕಿಗೆ ನಡೆಸಿಕೊಂಡು ಹೋಗಲಿ. ಬೂದಿಬಟ್ಟಲು, ಕಡ್ಡಿಪೆಟ್ಟಿಗೆ, ಅಂಗಿಯ ಜೇಬಿನಲ್ಲಿ ಮರೆತ ತುಂಡುಗಳು ಕಣ್ಣಿಗೆ ಬೀಳದಿರಲಿ.

ಗದರಿಸುವುದರಿಂದ ಬಿಟ್ಟವರನ್ನು ನಾವು ಕಂಡಿಲ್ಲ, ಬಚ್ಚಿಟ್ಟು ಸೇದಲು ಕಲಿತವರನ್ನು ಕಂಡಿದ್ದೇವೆ. "ಇವತ್ತೂ ಸೇದಿ ಬಂದ್ರೇನು?" ಎಂದು ಹೆಂಡತಿ ಬಾಗಿಲಲ್ಲೇ ಕೇಳಿದರೆ ಗಂಡ ಸುಳ್ಳು ಹೇಳುತ್ತಾನೆ. "ಏನ್ರಿ, ಇವತ್ತ ಭಾಳ ತ್ರಾಸಾತೇನು?" ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ದಿನಕ್ಕೆ ಉಳಿಯುವ ಹಣವನ್ನು ಡಬ್ಬಿಯೊಂದರಲ್ಲಿ ಹಾಕುತ್ತ ಬಂದು ತಿಂಗಳ ಕೊನೆಗೆ ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಬಹುದು. ಈ ಬೇನೆಯ ಔಷಧಗಳ ಬೆಲೆ ಬಲ್ಲವರಿಗೆ ಆ ಡಬ್ಬಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ರೋಗಿಯ ಮನಸ್ಸಿನ ಕಡೆಗೂ ಗಮನವಿರಲಿ. ದಿನಕ್ಕೆ ಹತ್ತು ಸಲ ಶೌಚಕ್ಕೆ ಓಡುವವರು ಬಸ್ಸು ಹತ್ತಲು, ಮದುವೆಗೆ ಹೋಗಲು, ದಾಸೋಹದ ಪಂಕ್ತಿಯಲ್ಲಿ ಕೂರಲು ಸಹ ಅಂಜುತ್ತಾರೆ. ಆ ನಾಚಿಕೆ, ಒಂಟಿತನಗಳಲ್ಲಿ ಬೀಡಿಯೇ ಗೆಳೆಯನಾಗುತ್ತದೆ. ಸೇದಿದರೆ ಚಿಂತೆ ಇಳಿಯುತ್ತದೆ ಎಂದು ಅವರು ನಂಬುತ್ತಾರೆ. ಇಳಿಯುವುದು ಹಿಂದಿನ ಬೀಡಿ ಹುಟ್ಟಿಸಿದ ಚಡಪಡಿಕೆಯಷ್ಟೇ. ಬಿಟ್ಟು ಕೆಲವು ವಾರ ಕಳೆದವರಲ್ಲಿ ಚಿಂತೆ, ಖಿನ್ನತೆಗಳು ಸೇದುತ್ತಿದ್ದಾಗಿಗಿಂತ ಕಡಿಮೆಯಾಗುತ್ತವೆಂದು ಅಧ್ಯಯನಗಳು ತೋರಿಸಿವೆ. ಆದರೂ ದುಗುಡ ತೀವ್ರವಾಗಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಅದನ್ನು ಕೇಳಲು ಸಂಕೋಚ ಬೇಡ.

ಬಿಟ್ಟವರಲ್ಲಿ ಬಹುಮಂದಿ ಮೊದಲ ಯತ್ನದಲ್ಲಿಯೇ ಬಿಟ್ಟವರಲ್ಲ. ಜಾತ್ರೆಯಲ್ಲಿ ಹಳೆಯ ಗೆಳೆಯ ಕೊಟ್ಟದ್ದೊಂದನ್ನು ಸೇದಿದರೆ ಮೂರು ತಿಂಗಳ ಸಾಧನೆ ಮಣ್ಣುಪಾಲಾಯಿತೆಂದು ತಿಳಿಯಬೇಕಿಲ್ಲ. ಆ ಮೂರು ತಿಂಗಳು ಕರುಳು ಪಡೆದ ವಿಶ್ರಾಂತಿ ಪಡೆದದ್ದೇ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಕಾಲು ಜಾರಿತೆಂಬುದನ್ನು ಗುರುತಿಸಿಕೊಂಡು ಮರುದಿನವೇ ಮತ್ತೆ ತೊಡಗಬೇಕು. ಎರಡನೆಯದನ್ನು ಹಚ್ಚದಿರುವುದೇ ಅಲ್ಲಿ ಮುಖ್ಯ.

ಕೊನೆಯದಾಗಿ ರೋಗಿಯ ಅಣ್ಣತಮ್ಮಂದಿರಿಗೂ ಬೆಳೆದ ಮಕ್ಕಳಿಗೂ ಒಂದು ಮಾತು. ಕ್ರೋನ್ ರೋಗ ಸೋಂಕಿನಿಂದ ಹರಡುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಆದರೆ ರಕ್ತಸಂಬಂಧಿಗಳಲ್ಲಿ ಅದರ ಸಂಭವ ಇತರರಿಗಿಂತ ಹೆಚ್ಚು. ಹುಟ್ಟಿನಿಂದ ಬಂದ ಆ ಪಾಲನ್ನು ಯಾರೂ ಹಿಂದಿರುಗಿಸಲಾರರು. ಅದರ ಮೇಲೆ ಧೂಮಪಾನದ ಅಪಾಯವನ್ನೂ ಕೂಡಿಸಿಕೊಳ್ಳುವುದು ಬಿಡುವುದು ಅವರವರ ಕೈಯಲ್ಲಿದೆ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದು ವಾರ್ಡಿನ ಹೊರಗೆ ನಿಂತು ಸಿಗರೇಟು ಹಚ್ಚುವ ಮಗನಿದ್ದರೆ, ಈ ಲೇಖನವನ್ನು ಅವನೂ ಓದಲಿ. ಮುಂದಿನ ಸಲ ಅಪ್ಪನ ಜೊತೆ ವೈದ್ಯರ ಕೋಣೆಯೊಳಗೆ ಹೋದಾಗ ತನ್ನ ಲೆಕ್ಕವನ್ನೂ ಹೇಳಿ, ಇಬ್ಬರೂ ಕೂಡಿ ಒಂದೇ ದಿನವನ್ನು ಗೊತ್ತುಮಾಡಿಕೊಳ್ಳಲಿ.